8 ಬಿಡಿಸಿದರೆ ಸಾಕೇ?

ಟೂ ವೀಲರ್ ಲೈಸೆನ್ಸ್ ಮಾಡಿಸಿದವರಿಗೆಲ್ಲ ‘ಎಂಟು’ ಗೊತ್ತು. ಕಾಲು ಊರದೆ, ಗೆರೆ ದಾಟದೆ ಗಾಡಿಯನ್ನು 8ರ ಆಕಾರದಲ್ಲಿ ನಿಧಾನವಾಗಿ ಸುತ್ತಿಸಬೇಕು. ಟೆಸ್ಟ್‌ನ ಹಿಂದಿನ ಸಂಜೆ ಮೈದಾನದಲ್ಲಿ ಕಲ್ಲು, ಚಪ್ಪಲಿ ಇಟ್ಟುಕೊಂಡು ಅಭ್ಯಾಸ ಮಾಡದವರು ನಮ್ಮಲ್ಲಿ ಕಡಿಮೆ. ಈ ಪರೀಕ್ಷೆಗೆ ಅರ್ಥವೂ ಇದೆ. ಎರಡು ಚಕ್ರದ ಗಾಡಿ ನಿಧಾನವಾದಷ್ಟೂ ಬೀಳಲು ನೋಡುತ್ತದೆ. ನಿಧಾನದಲ್ಲಿ ಬೀಳಿಸದೆ ಓಡಿಸಬಲ್ಲವನಿಗೆ ಬ್ಯಾಲೆನ್ಸ್ ಇದೆ ಎಂದರ್ಥ.

ಈಗ ಅದೇ ಸ್ಕೂಟರಿನ ಹಿಂಭಾಗಕ್ಕೆ ಎಡಕ್ಕೊಂದು ಬಲಕ್ಕೊಂದು ಸೈಡ್ ವೀಲ್ ಜೋಡಿಸಿ. ಕಾಲಿನ ಶಕ್ತಿ ಕಳೆದುಕೊಂಡವರು ಓಡಿಸುವ ಇಂಥ ಗಾಡಿಗಳನ್ನು ನೀವು ನೋಡಿರುತ್ತೀರಿ. ಸರ್ಕಾರದ ಯೋಜನೆಯಲ್ಲಿ ಅದರ ಹೆಸರು ‘ಯಂತ್ರಚಾಲಿತ ದ್ವಿಚಕ್ರ ವಾಹನ’, ಪೇಪರಿನ ಫೋಟೊ ಅಡಿಬರಹದಲ್ಲಿ ‘ತ್ರಿಚಕ್ರ ವಾಹನ’, ಎಣಿಸಿದರೆ ಚಕ್ರಗಳು ನಾಲ್ಕು. ಹೆಸರು ಬಿಡಿ. ಈ ಗಾಡಿ ನಿಧಾನದಲ್ಲಿ ಬೀಳುವುದೇ ಇಲ್ಲ. ನಿಲ್ಲಿಸಿ ಪೇಪರ್ ಓದಿದರೂ ಬೀಳುವುದಿಲ್ಲ. ಅದು ಬೀಳುವುದು ವೇಗದಲ್ಲಿ ತಿರುಗಿದಾಗ. ಅಂದರೆ 8ರ ಪರೀಕ್ಷೆ ಯಾವುದನ್ನು ಅಳೆಯುತ್ತದೋ ಅದು ಈ ಗಾಡಿಯ ಸವಾರನಿಗೆ ಬೇಕಿಲ್ಲ. ಅವನಿಗೆ ಬೇಕಾದದ್ದನ್ನು ಆ ಪರೀಕ್ಷೆ ಕೇಳುವುದಿಲ್ಲ.

ನಾನು ತುಮಕೂರಿನಲ್ಲಿ ಮೆಕ್ಯಾನಿಕಲ್ ಆರನೇ ಸೆಮ್. ಮಿನಿ ಪ್ರಾಜೆಕ್ಟ್‌ಗೆ ಕ್ಲಾಸಿನ ಅರ್ಧ ಜನ ಡ್ರೋನ್, ಇನ್ನರ್ಧ ಸೋಲಾರ್ ಹಿಡಿದರು. ನಾವು ನಾಲ್ವರು ಹಿಡಿದದ್ದು ಒಂದು ಪ್ರಶ್ನೆಯನ್ನು: ಮೋಟಾರ್ ಇರುವ ಇಂಥ ಗಾಡಿಗಳನ್ನು ಒಬ್ಬರು ಸುರಕ್ಷಿತವಾಗಿ ಓಡಿಸಬಲ್ಲರೇ ಎಂದು ಅಳೆಯುವುದು ಹೇಗೆ? ಗೈಡ್‌ಗೆ ಮೊದಲು ಇಷ್ಟವಾಗಲಿಲ್ಲ. ‘ಇದರಲ್ಲಿ ಮೆಕ್ಯಾನಿಕಲ್ ಏನಿದೆ?’ ಎಂದರು. ಚಿಕ್ಕಪ್ಪನ ಸ್ಕೂಟರಿನ ಫೋಟೊ ತೋರಿಸಿದ ಮೇಲೆ ಒಪ್ಪಿದರು.

ಚಿಕ್ಕಪ್ಪನಿಗೆ ಎರಡು ವರ್ಷವಿದ್ದಾಗ ಪೋಲಿಯೊ ಬಂದು ಬಲಗಾಲು ಸೋತಿದೆ. ಊರಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಪೇಪರ್ ಮಂಡಿಗೆ, ಮಕ್ಕಳನ್ನು ಟ್ಯೂಷನ್‌ಗೆ, ಎಲ್ಲವೂ ಸೈಡ್ ವೀಲ್ ಸ್ಕೂಟರಿನಲ್ಲೇ. ಕಳೆದ ವರ್ಷ ಇಳಿಜಾರಿನ ಅಡ್ಡರಸ್ತೆಗೆ ತಿರುಗುವಾಗ ಎದುರಿಗೆ ಆಟೊ ಬಂತು. ಬ್ರೇಕ್ ಹಿಡಿದರು, ಹ್ಯಾಂಡಲ್ ತಿರುಗಿಸಿದರು, ಗಾಡಿ ಪಕ್ಕಕ್ಕೆ ಮಗುಚಿತು. ಕಾಲರ್ ಬೋನ್ ಮುರಿಯಿತು. ನಮಗೆ ನಿಮಗೆ ಕಾಲರ್ ಬೋನ್ ಮುರಿದರೆ ಕೈಗೆ ಜೋಳಿಗೆ ಕಟ್ಟಿಕೊಂಡು ಓಡಾಡುತ್ತೇವೆ. ಅವರು ಊರುಗೋಲು ಹಿಡಿಯುವುದು ಅದೇ ಕೈಯಲ್ಲಿ. ಕೈ ಹೋದ ಕೂಡಲೇ ನಡಿಗೆಯೂ ಹೋಯಿತು. ಏಳು ವಾರ ಅಂಗಡಿ ಬಾಗಿಲು ತೆರೆಯಲಿಲ್ಲ. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, ‘ಇನ್ನು ಗಾಡಿ ಮಾರಿಬಿಡು.’ ಚಿಕ್ಕಪ್ಪ ನನ್ನನ್ನು ಕರೆದು ಕೇಳಿದ್ದು ಬೇರೆ. ‘ನಾನು ಹತ್ತೊಂಬತ್ತು ವರ್ಷದಿಂದ ಓಡಿಸ್ತಿದೀನಿ ಕಣಮ್ಮ. ಅವತ್ತು ಬಿದ್ದಿದ್ದು ನಾನಾ, ಗಾಡಿನಾ? ಅದನ್ನ ನಿಮ್ಮ ಕಾಲೇಜಲ್ಲಿ ಹೇಳಿಕೊಡ್ತಾರಾ?’

ಹೇಳಿಕೊಡುತ್ತಾರೆ, ಮೂರನೇ ಸೆಮ್‌ನಲ್ಲೇ. ಮಾಮೂಲಿ ಸ್ಕೂಟರ್ ತಿರುವಿನಲ್ಲಿ ಒಳಗೆ ವಾಲುತ್ತದೆ. ಹೊರಕ್ಕೆ ತಳ್ಳಿದಂತಾಗುವ ಬಲಕ್ಕೂ ನಮ್ಮ ತೂಕಕ್ಕೂ ಆ ವಾಲುವಿಕೆಯಲ್ಲಿ ಹೊಂದಾಣಿಕೆ ಆಗುತ್ತದೆ. ಸೈಡ್ ವೀಲ್ ಬಿಗಿದ ಗಾಡಿ ವಾಲಲಾರದು. ಅದು ಕಾರಿನ ಹಾಗೆ ನೆಟ್ಟಗೆ ತಿರುಗಬೇಕು, ಆದರೆ ಕಾರಿನ ಅಗಲ ಅದಕ್ಕಿಲ್ಲ. ಇನ್ನೊಂದು ಸಂಗತಿ ನಮಗೂ ಲೆಕ್ಕ ಹಾಕಿದ ಮೇಲೇ ಹೊಳೆದದ್ದು. ಮುಂದೆ ಒಂದೇ ಚಕ್ರ, ಹಿಂದೆ ಅಗಲ. ನೆಲದ ಮೇಲೆ ಗಾಡಿಯ ಪಾದ ಚೌಕವಲ್ಲ, ತ್ರಿಕೋನ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ, ಅಂದರೆ ತ್ರಿಕೋನದ ಚೂಪಾದ ತುದಿಯ ಕಡೆಗೆ ಹೋಗುತ್ತದೆ. ಅದೇ ಹೊತ್ತಿಗೆ ತಿರುಗಿಸಿದರೆ ಗಾಡಿಗೆ ನಿಲ್ಲಲು ಜಾಗವೇ ಇಲ್ಲ. ಇಳಿಜಾರು, ಬ್ರೇಕ್, ತಿರುವು ಮೂರೂ ಒಟ್ಟಿಗೆ ಸೇರಿದ್ದು ಚಿಕ್ಕಪ್ಪನ ಆ ದಿನ.

ಲೆಕ್ಕವನ್ನು ನಂಬದೆ ಗಾಡಿಯನ್ನೇ ಕೇಳಿದೆವು. ವರ್ಕ್‌ಶಾಪಿನಲ್ಲಿ ದಪ್ಪ ಹಲಗೆಯ ಮೇಲೆ ಸ್ಕೂಟರ್ ನಿಲ್ಲಿಸಿ, ಸೀಟಿಗೆ 65 ಕೆ.ಜಿ. ಮರಳು ಚೀಲ ಕಟ್ಟಿ, ಹಗ್ಗದಿಂದ ಭದ್ರ ಮಾಡಿ, ಹಲಗೆಯ ಒಂದು ಬದಿಯನ್ನು ಜಾಕ್‌ನಿಂದ ಎತ್ತುತ್ತ ಹೋದೆವು. ಸುಮಾರು 21 ಡಿಗ್ರಿಗೆ ಮೇಲಿನ ಬದಿಯ ಸೈಡ್ ವೀಲ್ ಹಲಗೆ ಬಿಟ್ಟಿತು. 21 ಡಿಗ್ರಿಯ ಟ್ಯಾಂಜೆಂಟ್ 0.38. ಇದನ್ನು ತಿರುವಿನ ವೇಗಕ್ಕೆ ಬದಲಿಸಿದರೆ, 8 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಾಡಿಯ ಮಿತಿ ಗಂಟೆಗೆ 20 ಕಿ.ಮೀ.ಗಿಂತ ತುಸು ಕಡಿಮೆ. 4 ಮೀಟರಿನ ಬಿಗಿ ತಿರುವಿನಲ್ಲಿ 14. ಬ್ರೇಕ್ ಹಿಡಿಯದೆ, ಸಮತಟ್ಟು ರಸ್ತೆಯಲ್ಲಿ ಇಷ್ಟು. 20 ಕಿ.ಮೀ. ಎಂದರೆ ನಮಗೆಲ್ಲ ವೇಗವೇ ಅಲ್ಲ. ಬಿ.ಎಚ್. ರಸ್ತೆಯಲ್ಲಿ ಆ ವೇಗದಲ್ಲಿ ಹೋದರೆ ಹಿಂದಿನವರು ಹಾರ್ನ್ ಹೊಡೆದೇ ಓಡಿಸುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಈ ಅಂಕಿಯನ್ನು ಚಿಕ್ಕಪ್ಪನಿಗೆ ಯಾರೂ ಹೇಳಿರಲಿಲ್ಲ. ಚಕ್ರ ಬಿಗಿದ ಗ್ಯಾರೇಜಿನವರು ಹೇಳಿದ್ದು, ‘ಇನ್ನು ಬೀಳೋ ಭಯ ಇಲ್ಲ ಸಾರ್.’

ಹಾಗಾದರೆ ಲೈಸೆನ್ಸ್ ಕೊಡುವಾಗ ಏನು ನೋಡುತ್ತಾರೆ? ಅರ್ಜಿಯ ಜತೆಗಿನ ಫಾರ್ಮ್ 1ರಲ್ಲಿ ನಾವೇ ಘೋಷಿಸಿಕೊಳ್ಳಬೇಕಾದ ಪ್ರಶ್ನೆಗಳಿವೆ. 25 ಮೀಟರ್ ದೂರದ ನಂಬರ್ ಪ್ಲೇಟ್ ಹಗಲಲ್ಲಿ ಕಾಣುತ್ತದೆಯೇ, ಕೆಂಪು ಹಸಿರು ಗುರುತಿಸುತ್ತೀರಾ, ಇರುಳುಗಣ್ಣು ಇದೆಯೇ, ಕೈಕಾಲಿನ ಸ್ನಾಯುಗಳಲ್ಲಿ ಶಕ್ತಿ ಕಡಿಮೆಯೇ ಎಂದೆಲ್ಲ ಕೇಳುತ್ತದೆ. ಒಳ್ಳೆಯ ಪ್ರಶ್ನೆಗಳೇ. ಆಮೇಲೆ ಓಡಿಸಿ ತೋರಿಸಬೇಕು. ಚಿಕ್ಕಪ್ಪ ಲೈಸೆನ್ಸ್ ಮಾಡಿಸಿದ್ದು ಆಗ ಕೆಲಸದಲ್ಲಿದ್ದ ಬೇರೆ ಜಿಲ್ಲೆಯಲ್ಲಿ. ‘ಸ್ವಲ್ಪ ಮುಂದಕ್ಕೆ ಹೋಗಿ ಬನ್ನಿ ಅಂದ್ರು, ಹೋಗಿ ಬಂದೆ. ಪಾಪ, ಬಿಸಿಲಲ್ಲಿ ಯಾಕೆ ನಿಂತಿದೀರಾ, ಹೋಗಿ ಅಂದ್ರು’ ಎಂದು ನಗುತ್ತಾರೆ. ಆ ‘ಪಾಪ’ದಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಅನುಕಂಪವೇ ಪರೀಕ್ಷೆಯನ್ನು ತಿಂದುಹಾಕಿತು.

ಅವರ ಹಳೆಯ ಲೈಸೆನ್ಸ್‌ನಲ್ಲಿ ವಾಹನದ ವರ್ಗ ‘ಇನ್‌ವ್ಯಾಲಿಡ್ ಕ್ಯಾರೇಜ್’. ನಮ್ಮ ಟೀಮಿನ ಗೆಳೆಯ ಅದನ್ನು ಓದಿ ಗಾಬರಿಯಿಂದ, ‘ಅಂಕಲ್, ನಿಮ್ಮ ಲೈಸೆನ್ಸೇ ಇನ್‌ವ್ಯಾಲಿಡ್ ಅಂತಿದೆ’ ಎಂದ. ಚಿಕ್ಕಪ್ಪ, ‘ಲೈಸೆನ್ಸ್ ಅಲ್ಲಪ್ಪ, ಅದು ನಾನು’ ಎಂದರು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದಾಗ ಆ ಪದ ಹೋಗಿ ‘ಅಡಾಪ್ಟೆಡ್ ವೆಹಿಕಲ್’ ಬಂತು. ಮನುಷ್ಯನ ಮೇಲಿದ್ದ ಹಣೆಪಟ್ಟಿ ಗಾಡಿಯ ಮೇಲೆ ಹೋಯಿತು ಎನ್ನಿ. ನನಗೆ ಇದು ಬರೀ ಪದದ ಬದಲಾವಣೆ ಅನ್ನಿಸುವುದಿಲ್ಲ. ಅಳೆಯಬೇಕಾದದ್ದು ಮನುಷ್ಯ ಮತ್ತು ಗಾಡಿ ಎರಡರ ಜೋಡಿಯನ್ನು ಎಂಬ ಸುಳಿವು ಅದರಲ್ಲಿದೆ.

ಆದರೆ ನಮ್ಮಲ್ಲಿ ಎಲ್ಲ ಕಡೆ ಚಲಾವಣೆಯಲ್ಲಿರುವ ಅಳತೆ ಒಂದೇ, ಶೇಕಡಾವಾರು. ವಾಹನ ಬೇಕೆಂದರೆ ಅಂಗವೈಕಲ್ಯ ಶೇಕಡಾ ಎಷ್ಟು ಎಂಬ ಸರ್ಟಿಫಿಕೇಟ್ ಬೇಕು. ಸೌಲಭ್ಯ ಹಂಚಲು ಅದು ಬೇಕಾಗಬಹುದು, ಒಪ್ಪೋಣ. ಓಡಿಸುವ ಸಾಮರ್ಥ್ಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎರಡೂ ಕಾಲು ಸೋತು, ತೋಳು, ಕಣ್ಣು, ಕತ್ತು ಗಟ್ಟಿಯಿರುವವರು ಈ ಗಾಡಿಯನ್ನು ನನಗಿಂತ ಚೆನ್ನಾಗಿ ಓಡಿಸಬಹುದು. ಕಡಿಮೆ ಶೇಕಡಾ ಇದ್ದೂ ಬ್ರೇಕ್ ಲಿವರ್ ಹಿಡಿಯುವ ಬೆರಳುಗಳಲ್ಲೇ ಶಕ್ತಿ ಇಲ್ಲದವರಿಗೆ ಇದೇ ಗಾಡಿ ಅಪಾಯ.

ಲೈಸೆನ್ಸ್ ಬೇಕಾದ ಗಾಡಿಗಳ ಕಥೆ ಇಷ್ಟಾದರೆ, ಬೇಡದವುಗಳದ್ದು ಇನ್ನೊಂದು. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವ ಹಗುರ ಬ್ಯಾಟರಿ ವಾಹನ ನಿಗದಿತ ಷರತ್ತುಗಳನ್ನು ಪೂರೈಸಿದರೆ, ನಮ್ಮ ನಿಯಮಗಳ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ. ನೋಂದಣಿ ಇಲ್ಲ, ಲೈಸೆನ್ಸ್ ಇಲ್ಲ. ವಯಸ್ಸಾದವರಿಗೆಂದು ಆನ್‌ಲೈನ್‌ನಲ್ಲಿ ಸಿಗುವ ನಾಲ್ಕು ಚಕ್ರದ ಸಣ್ಣ ಮೊಬಿಲಿಟಿ ಸ್ಕೂಟರ್‌ಗಳನ್ನು ಡಬ್ಬ ಬಿಚ್ಚಿ ಚಾರ್ಜ್ ಮಾಡಿ ರಸ್ತೆಗೆ ಇಳಿಸುವವರಿದ್ದಾರೆ. ಗಾಲಿಕುರ್ಚಿಯ ಮುಂದೆ ಸಿಕ್ಕಿಸಿ ಅದನ್ನೇ ಸ್ಕೂಟರ್ ಮಾಡಿಬಿಡುವ ಮೋಟಾರ್ ಘಟಕಗಳೂ ಬಂದಿವೆ. ಐಐಟಿ ಮದ್ರಾಸ್‌ನಲ್ಲಿ ಪ್ರೊ. ಸುಜಾತಾ ಶ್ರೀನಿವಾಸನ್ ಅವರ ತಂಡದ ಕೆಲಸದಿಂದ ಹುಟ್ಟಿ 2020ರಲ್ಲಿ ಮಾರುಕಟ್ಟೆಗೆ ಬಂದ ‘ನಿಯೋಬೋಲ್ಟ್’ ಅಂಥದ್ದು. ಅದರ ಗರಿಷ್ಠ ವೇಗವೂ 25 ಕಿ.ಮೀ. ಅದರಲ್ಲಿ ಊಟದ ಡೆಲಿವರಿ ಮಾಡಿ ದುಡಿಯುತ್ತಿರುವವರಿದ್ದಾರೆ. ಲೈಸೆನ್ಸ್ ಬೇಡ ಎಂಬ ವಿನಾಯಿತಿ ಇವರಿಗೆಲ್ಲ ವರವೇ, ಅದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳಲಾರೆ. ಆದರೆ ‘ನಿಮಗೆ ಈ ಗಾಡಿ ಹೊಂದುತ್ತದೆಯೇ’ ಎಂದು ಕೇಳುವವರೇ ಇಲ್ಲದಂತಾಗಿದೆ.

ಮೊಬಿಲಿಟಿ ಸ್ಕೂಟರ್ ಮಾಮೂಲಿಯಾಗಿರುವ ದೇಶಗಳಲ್ಲಿ ಏನು ಮಾಡುತ್ತಾರೆ ಎಂದು ಹುಡುಕಿದೆವು. ಬ್ರಿಟನ್ನಿನಲ್ಲಿ ಎರಡು ವರ್ಗ ಮಾಡಿದ್ದಾರೆ. ಫುಟ್‌ಪಾತ್ ಮೇಲೆ ಹೋಗುವುದು ಗಂಟೆಗೆ 4 ಮೈಲಿ, ರಸ್ತೆಗೆ ಇಳಿಯಬಲ್ಲದ್ದು 8 ಮೈಲಿ, ಅಂದರೆ ಸುಮಾರು 13 ಕಿ.ಮೀ. ಅಲ್ಲೂ ಲೈಸೆನ್ಸ್ ಬೇಡ. 12.3 ಮೀಟರ್ ದೂರದ ನಂಬರ್ ಪ್ಲೇಟ್ ಓದುವಂತಿರಬೇಕು ಎಂಬುದು ಸಲಹೆ ಮಾತ್ರ. ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಕೆನಡಾ. ಅಲ್ಲಿನ ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಮೋಟಾರ್ ಗಾಲಿಕುರ್ಚಿ, ಸ್ಕೂಟರ್ ಬಳಸುವವರಿಗೆಂದೇ ಪರೀಕ್ಷೆಗಳನ್ನು ರೂಪಿಸಿದ್ದಾರೆ. ಒಳಾಂಗಣಕ್ಕೆ ಒಂದು, ಊರಿನ ಓಡಾಟಕ್ಕೆ ಇನ್ನೊಂದು. ಹ್ಯಾಲಿಫ್ಯಾಕ್ಸ್‌ನ ಡಾಲ್‌ಹೌಸಿ ವಿಶ್ವವಿದ್ಯಾಲಯದ ‘ವೀಲ್‌ಚೇರ್ ಸ್ಕಿಲ್ಸ್ ಟೆಸ್ಟ್’ನಲ್ಲೂ ಸ್ಕೂಟರಿಗೆ ಬೇರೆ ಆವೃತ್ತಿ ಇದೆ. ಇವುಗಳ ತಿರುಳು ಸರಳ: ವ್ಯಕ್ತಿ ದಿನವೂ ಮಾಡಬೇಕಾದ ಕೆಲಸಗಳನ್ನೇ ಪರೀಕ್ಷೆ ಮಾಡು.

ಅದನ್ನು ತುಮಕೂರಿಗೆ ತಂದಾಗ ನಮ್ಮ ಹಾಳೆ ಹೀಗಾಯಿತು: ಊರುಗೋಲು ಎತ್ತಿಟ್ಟು ಸೀಟಿಗೆ ಏರುವುದು, ಇಳಿಯುವುದು. ಬಾವುಟ ಎತ್ತಿದ ಕೂಡಲೇ ನಿಲ್ಲಿಸುವುದು. ಕತ್ತು ತಿರುಗಿಸಿ ಹಿಂದೆ ನೋಡುವುದು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು. ಒಂದು ಸೈಡ್ ವೀಲ್ ಮಾತ್ರ ಗುಂಡಿಗೆ ಇಳಿದಾಗ ಹ್ಯಾಂಡಲ್ ಬಿಡದಿರುವುದು. ರೋಡ್ ಹಂಪ್. ಅಡ್ಡ ಮಲಗಿದ ಹಸು (ಇದು ಕೆನಡಾದ ಹಾಳೆಯಲ್ಲಿಲ್ಲ). ಸೈಡ್ ವೀಲ್ ಗಾಡಿಗೆ ಇನ್ನೊಂದು ಸೇರಿಸಿದೆವು. ಎರಡೂ ಬದಿಯ ಚಕ್ರ ದಿಣ್ಣೆ ಮೇಲೆ ಕೂತು ನಡುವಿನ ಚಕ್ರ ನೆಲ ಬಿಟ್ಟರೆ ಗಾಡಿ ಮುಂದಕ್ಕೂ ಹೋಗದು, ಹಿಂದಿನ ಬ್ರೇಕೂ ಕೆಲಸ ಮಾಡದು, ಏಕೆಂದರೆ ಬ್ರೇಕ್ ಇರುವುದು ನಡುವಿನ ಚಕ್ರಕ್ಕೆ ಮಾತ್ರ.

ಎಲ್ಲ ಸೇರಿಸಿ ನೂರಕ್ಕೆ ಅಂಕ ಹಾಕಿ, ಗ್ರಾಫ್ ಬಿಡಿಸಿ, ಗೈಡ್‌ಗೆ ತೋರಿಸುವ ಆಸೆ ನಮಗಿತ್ತು. ನಮಗೆ ನೆರವಾಗುತ್ತಿದ್ದ ಥೆರಪಿಸ್ಟ್ ಮೇಡಂ ಒಪ್ಪಲಿಲ್ಲ. ‘ಹತ್ತರಲ್ಲಿ ಒಂಬತ್ತು ಮಾಡ್ತಾರೆ, ಬ್ರೇಕ್ ಒಂದು ಹಾಕಕ್ಕಾಗಲ್ಲ. ತೊಂಬತ್ತು ಪರ್ಸೆಂಟ್ ಅಂತ ಬರೀತೀರಾ?’ ಎಂದರು. ಒಟ್ಟು ಅಂಕದ ಕಾಲಂ ಅಳಿಸಿದೆವು. ಅದರ ಜಾಗದಲ್ಲಿ ಬಂದದ್ದು ‘ಏನು ಬದಲಿಸಿದರೆ ಆಗುತ್ತದೆ?’ ಎಂಬ ಕಾಲಂ. ಇಡೀ ಪ್ರಾಜೆಕ್ಟ್‌ನಲ್ಲಿ ನನಗೆ ಹೆಚ್ಚು ಇಷ್ಟವಾದ ಕಾಲಂ ಅದೇ.

ಭಾನುವಾರಗಳಂದು ಮೂವರನ್ನು ಪರೀಕ್ಷಿಸಿದೆವು. ಚಿಕ್ಕಪ್ಪನದ್ದು ಬೇಗ ಮುಗಿಯಿತು. ಬಾವುಟ ಎತ್ತಿದರೆ ನಮಗಿಂತ ಬೇಗ ಬ್ರೇಕ್ ಹಿಡಿಯುತ್ತಾರೆ. ಬದಲಿಸಬೇಕಾದದ್ದು ಎರಡೇ: ತಿರುವಿಗೆ ಮೊದಲೇ, ನೇರ ಇರುವಾಗಲೇ ಬ್ರೇಕ್ ಹಾಕಿ ಮುಗಿಸುವುದು, ತಿರುವಿನಲ್ಲಿ 15 ದಾಟದಿರುವುದು. ಮೀಟರಿನ ಗಾಜಿನ ಮೇಲೆ 15ರ ಬಳಿ ಕೆಂಪು ಟೇಪ್ ಅಂಟಿಸಿದ್ದಾರೆ. ಗಾಡಿ ಮಾರುವ ಮಾತು ಮನೆಯಲ್ಲಿ ಈಗ ಇಲ್ಲ.

ಎರಡನೆಯವರು ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ 28ರ ಯುವಕ. ಗಾಲಿಕುರ್ಚಿಗೆ ಮೋಟಾರ್ ಸಿಕ್ಕಿಸಿಕೊಂಡು ಓಡಾಡುತ್ತಾರೆ. 20 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು 9 ಮೀಟರ್ ಬೇಕಾಗುತ್ತಿತ್ತು. ಬ್ರೇಕ್ ಸರಿ ಇಲ್ಲವೆಂದು ನಾವು ಪ್ಯಾಡ್ ಬಿಚ್ಚಿ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಅವರೇ ಹೇಳಿದರು, ‘ಜೋರಾಗಿ ಹಿಡಿದ್ರೆ ನಾನು ಮುಂದಕ್ಕೆ ಮಗುಚ್ತೀನಿ ಅಕ್ಕ, ಸೊಂಟದಲ್ಲಿ ಹಿಡಿತ ಇಲ್ವಲ್ಲ. ಅದಕ್ಕೆ ಮೆತ್ತಗೆ ಹಿಡಿತೀನಿ.’ ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ದೊಡ್ಡವರು, ‘ಅಕ್ಕ’ ಎನ್ನುವುದು ಅಭ್ಯಾಸಬಲ. ಎದೆಗೊಂದು, ಸೊಂಟಕ್ಕೊಂದು ಬೆಲ್ಟ್ ಹೊಲಿಸಿ ಕುರ್ಚಿಗೆ ಕಟ್ಟಿದೆವು. ಅದೇ ಬ್ರೇಕ್, ಅದೇ ರಸ್ತೆ, 5 ಮೀಟರಿಗೆ ನಿಂತರು. ನಾಲ್ಕು ಮೀಟರ್ ಎಂದರೆ ನಮ್ಮ ಓಣಿಗಳಲ್ಲಿ ಒಂದು ಮನೆಯ ಗೇಟಿನಷ್ಟು.

ಇಲ್ಲಿ ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಆಕ್ಯುಪೇಷನಲ್ ಥೆರಪಿ ಎಂಬ ಪದವಿ ಇದೆ ಎಂದೇ ನನಗೆ ಎರಡು ವರ್ಷದ ಹಿಂದೆ ಗೊತ್ತಿರಲಿಲ್ಲ, ನಮ್ಮ ಮಣಿಪಾಲದಲ್ಲೇ ಅದರ ವಿಭಾಗ ಇದೆ. ಪಿಯುಸಿ ಸೈನ್ಸ್ ಮುಗಿಸಿ ಮೆಡಿಕಲ್ ಅಥವಾ ಎಂಜಿನಿಯರಿಂಗ್ ಎರಡೇ ದಾರಿ ಎಂದುಕೊಂಡಿರುವ ತಮ್ಮಂದಿರು, ತಂಗಿಯರು ಮನೆಯಲ್ಲಿದ್ದರೆ ತಿಳಿಸಿ.

ಮೂರನೆಯವರು ನಿವೃತ್ತ ಮೇಷ್ಟ್ರು. ಪಾರ್ಶ್ವವಾಯು ಆಗಿ ಎಡಭಾಗ ಸೋತಿದೆ. ಮಗಳು ಪ್ರೀತಿಯಿಂದ ನಾಲ್ಕು ಚಕ್ರದ ಮೊಬಿಲಿಟಿ ಸ್ಕೂಟರ್ ತರಿಸಿಕೊಟ್ಟಿದ್ದರು, ಈಗ ಅದೇ ಮಗಳಿಗೆ ಭಯ. ಎರಡು ಸಲ ನಿಂತ ಬೈಕಿಗೆ ತಾಗಿಸಿದ್ದರು. ‘ಓಡಿಸಬಾರದು ಅಂತ ಕಾಲೇಜಿಂದ ಒಂದು ಲೆಟರ್ ಕೊಡಿ. ನನ್ನ ಮಾತು ಕೇಳಲ್ಲ’ ಎಂದರು. ಲೆಟರ್ ಕೊಡಲು ನಾವು ಯಾರು? ಮೇಷ್ಟ್ರು ಎಲ್ಲ ಕೇಳಿಸಿಕೊಂಡು, ‘ಫೇಲ್ ಮಾಡೋದಾದ್ರೆ ಮಾಡಿ. ಆದ್ರೆ ಯಾವ ಪಾಠದಲ್ಲಿ ಫೇಲ್ ಅಂತ ಹೇಳ್ಬೇಕು. ನಾನು ಮೂವತ್ತೆರಡು ವರ್ಷ ಹಾಗೇ ಮಾಡಿದೀನಿ’ ಎಂದರು.

ಮೊದಲು ಗಾಡಿ. ಈ ಸ್ಕೂಟರಿಗೆ ಬ್ರೇಕ್ ಲಿವರ್ ಇಲ್ಲ. ಬೆರಳಿನಿಂದ ಒತ್ತುವ ಲಿವರ್ ಬಿಟ್ಟರೆ ತಾನಾಗಿ ನಿಲ್ಲುತ್ತದೆ. ಕೇಳಲು ಸುಲಭ, ಆದರೆ ಗಾಬರಿಯಾದಾಗ ಕೈ ಬಿಡುವುದಿಲ್ಲ, ಬಿಗಿಯಾಗಿ ಹಿಡಿಯುತ್ತದೆ. ಹಿಡಿದರೆ ಓಡುತ್ತದೆ. ಜೀವನವಿಡೀ ಸೈಕಲ್ ತುಳಿದವರಿಗೆ ಇದು ಉಲ್ಟಾ. ಮೇಷ್ಟ್ರು ಹತ್ತು ಸಲದಲ್ಲಿ ಇದನ್ನು ಕಲಿತುಬಿಟ್ಟರು. ಹಿಂದೆ ಮೋಟಾರ್ ಬಿಡಿಸುವ ಒಂದು ಲಿವರ್ ಇದೆ, ಗಾಡಿ ತಳ್ಳಿಕೊಂಡು ಹೋಗಲು. ಅದನ್ನು ಎಳೆದರೆ ಬ್ರೇಕೂ ಬಿಡುತ್ತದೆ. ಇಳಿಜಾರಿನಲ್ಲಿ ಮುಟ್ಟಬಾರದು ಎಂದು ಮಗಳಿಗೂ ತೋರಿಸಿದೆವು.

ಆಮೇಲೆ ಅವರ ಬಡಾವಣೆಯ ನೂರು ಮೀಟರ್ ಓಣಿಯಲ್ಲಿ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಸಣ್ಣ ಬಾವುಟ ಕಟ್ಟಿ, ಕಂಡದ್ದನ್ನೆಲ್ಲ ಕೂಗಿ ಹೇಳುತ್ತ ಹೋಗಲು ಕೇಳಿದೆವು. ಬಲಗಡೆ ಹತ್ತೂ ಹೇಳಿದರು. ಎಡಗಡೆ ನಾಲ್ಕು. ಕಣ್ಣಿನ ದೋಷವಲ್ಲ, ನಂಬರ್ ಪ್ಲೇಟ್ ಚೆನ್ನಾಗಿ ಓದುತ್ತಾರೆ. ಪಾರ್ಶ್ವವಾಯು ಆದ ಕೆಲವರಲ್ಲಿ ಮಿದುಳು ಒಂದು ಬದಿಯ ಪ್ರಪಂಚವನ್ನೇ ಗಮನಿಸದೆ ಬಿಟ್ಟುಬಿಡುತ್ತದೆ, ಬಿಟ್ಟಿದ್ದೇನೆ ಎಂಬುದೂ ಅವರಿಗೆ ಗೊತ್ತಾಗುವುದಿಲ್ಲ ಎಂದು ಮೇಡಂ ವಿವರಿಸಿದರು. ನಾವು ಓಡಿಸುವುದು ರಸ್ತೆಯ ಎಡಕ್ಕೆ. ನಿಂತ ಬೈಕ್, ನಡೆಯುವವರು, ಗೇಟಿನಿಂದ ಓಡಿ ಬರುವ ಮಕ್ಕಳು ಎಲ್ಲ ಆ ಬದಿಯಲ್ಲೇ. ಫಾರ್ಮ್ 1ರ ಕಣ್ಣಿನ ಪ್ರಶ್ನೆಗಳಿಗೆಲ್ಲ ಇವರು ಪ್ರಾಮಾಣಿಕವಾಗಿ ಸರಿ ಉತ್ತರ ಕೊಟ್ಟು ಪಾಸಾಗಬಲ್ಲರು.

ಪಾಠ ಗೊತ್ತಾದ ಮೇಲೆ ಮೇಷ್ಟ್ರು ಸಿಟ್ಟಾಗಲಿಲ್ಲ, ನೋಟ್‌ಬುಕ್ ಕೇಳಿದರು. ಪ್ರತಿ ಲೈಟ್ ಕಂಬಕ್ಕೂ ಕತ್ತು ಪೂರ್ತಿ ಎಡಕ್ಕೆ ತಿರುಗಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳುವುದು ಅಭ್ಯಾಸ. ಎಡಗಡೆ ಹ್ಯಾಂಡಲಿಗೆ ಕೆಂಪು ರಿಬ್ಬನ್. ಬೆಳಿಗ್ಗೆ ಆರೂವರೆಗೆ ಹಾಲಿನ ಬೂತಿನವರೆಗೆ ಮಾತ್ರ, ಮಗಳು ಜತೆಗೆ ನಡೆದು. ಮುಖ್ಯರಸ್ತೆ ಸದ್ಯಕ್ಕಿಲ್ಲ. ಲೈಬ್ರರಿ ಇರುವುದು ಮುಖ್ಯರಸ್ತೆಯ ಆಚೆ, ಅದೊಂದು ಬೇಸರ ಅವರಿಗೆ.

ಆರು ವಾರದ ಮೇಲೆ ಬಾವುಟಗಳ ಜಾಗ ಬದಲಿಸಿ ಮತ್ತೆ ಪರೀಕ್ಷೆ ಮಾಡಿದೆವು. ಎಡಗಡೆ ಏಳು. ತಪ್ಪಿದ ಮೂರೂ ಗೇಟುಗಳ ಪಕ್ಕ ಕೆಳಗೆ ಕಟ್ಟಿದಂಥವು, ಹೆಚ್ಚುಕಡಿಮೆ ಎಲ್‌ಕೆಜಿ ಮಗುವಿನ ಎತ್ತರಕ್ಕೆ. ಹಾಗಾಗಿ ಶಾಲೆ ಬಿಡುವ ಹೊತ್ತಿನಲ್ಲಿ ಸ್ಕೂಟರ್ ಹೊರಗೆ ಬರುವುದಿಲ್ಲ ಎಂದು ಮೇಷ್ಟ್ರೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ. ಮುಂದಿನ ಟೆಸ್ಟ್ ದಸರಾ ರಜೆಯ ನಂತರ.